ಸಲಕ್ಕೊಂದು ರುಚಿ

ಆ ಊರು ಎಲ್ಲಿದೆ ಎಂದು ಕೇಳಬೇಡಿ. ಹೋಗುವ ದಾರಿ ಹೇಳಿದರೆ ನೀವು ಹೋಗಿಬಿಡುತ್ತೀರಿ, ಆಮೇಲೆ ಊಟ ಚೆನ್ನಾಗಿರಲಿಲ್ಲ ಎಂದು ನನ್ನನ್ನು ಬೈಯುತ್ತೀರಿ. ಅಲ್ಲಿ ಯಾರ ಮನೆಯಲ್ಲೂ ಒಲೆಯಿಲ್ಲ. ಊರ ನಡುವೆ ಒಂದೇ ಒಂದು ಒಲೆ ಉರಿಯುತ್ತದೆ, ಅದಕ್ಕೆ ದೊಡ್ಡೊಲೆ ಎಂದು ಹೆಸರು. ಊರಿನವರು ಅಲ್ಲೇ ದುಡಿಯುತ್ತಾರೆ, ಅಲ್ಲೇ ಉಣ್ಣುತ್ತಾರೆ. ಹೆಚ್ಚುವವನಿಗೆ ಒಂದು ಮಣೆ, ರುಬ್ಬುವವಳಿಗೆ ಒಂದು ಮಣೆ, ಬಡಿಸುವವನಿಗೆ ಒಂದು ಮಣೆ. ಕೆಲಸ ಇರುವವರೆಗೆ ಮಣೆ ನೆಟ್ಟಗಿರುತ್ತದೆ. ಕೆಲಸ ಹೋದರೆ, ಬೆಳಿಗ್ಗೆ ಬಂದು ನೋಡುವಾಗ ಮಣೆ ಮಗುಚಿ ಬಿದ್ದಿರುತ್ತದೆ. ಯಾರೂ ಏನೂ ಹೇಳುವುದಿಲ್ಲ. ಹೇಳುವುದಕ್ಕೆ ಇನ್ನೇನು ಉಳಿದಿರುತ್ತದೆ?

ಮಣೆ ಮಗುಚಿದವರು ನ್ಯಾಯದ ಕಟ್ಟೆಗೆ ಹೋಗಬಹುದು. ಆದರೆ ಆ ಕಟ್ಟೆಯ ಕಲ್ಲಿನ ಮೇಲೆ ಒಂದು ಕಟ್ಟಳೆ ಕೊರೆದಿದೆ: ತನ್ನ ನೋವನ್ನು ತಾನೇ ಹೇಳಿಕೊಳ್ಳುವಂತಿಲ್ಲ.

ಹಿಂದೆ ಹೀಗಿರಲಿಲ್ಲವಂತೆ. ಯಾರೋ ಒಬ್ಬ ಮಣೆ ಕಳೆದುಕೊಂಡವನು ಕಟ್ಟೆಗೆ ಬಂದು ತನ್ನ ನೋವನ್ನು ತಾನೇ ಹೇಳಿಕೊಂಡನಂತೆ. ಹೇಳುತ್ತಾ ಹೇಳುತ್ತಾ ಅತ್ತನಂತೆ. ಅವನು ಅತ್ತದ್ದು ನೋಡಿ ತೀರ್ಪು ಹೇಳುವವರು ಅತ್ತರು, ಅವರು ಅತ್ತದ್ದು ನೋಡಿ ಅವನ ಮಣೆ ಮಗುಚಿದವನೇ ಅತ್ತ. ಎಲ್ಲರೂ ಅತ್ತು ಮುಗಿಸುವ ಹೊತ್ತಿಗೆ ಊರಿನ ಅನ್ನವೆಲ್ಲ ಆರಿ ಕಲ್ಲಾಗಿತ್ತು. ಇನ್ನು ಮೇಲೆ ನೋಯದ ಬಾಯಿಯೇ ಮಾತಾಡಬೇಕು ಎಂದು ಹಸಿದ ಊರು ಅಂದೇ ನಿರ್ಧರಿಸಿತು. ಹೀಗೆ ಬಾಯಿಗಾರರು ಹುಟ್ಟಿಕೊಂಡರು. ಬೇರೆಯವರ ನೋವನ್ನು ತಮ್ಮ ಬಾಯಲ್ಲಿ ಹೇಳುವುದು ಅವರ ಕಸುಬು. ಅವರಿಗೆಂದೇ ಒಂದು ಬೀದಿ ಇದೆ, ಊರಿನಲ್ಲಿ ಎಲ್ಲಕ್ಕಿಂತ ಅಗಲವಾದ ಬೀದಿ.

ನಮ್ಮ ಕಥೆ ಒಬ್ಬ ರುಚಿಗಾರ್ತಿಯದು. ಅವಳ ಮಣೆ ದೊಡ್ಡೊಲೆಗೆ ಎಲ್ಲರಿಗಿಂತ ಹತ್ತಿರ. ಸಾರು ಕುದಿದರೆ ಒಂದು ಹನಿ ಅಂಗೈಗೆ ಬಿಟ್ಟುಕೊಳ್ಳುತ್ತಿದ್ದಳು, ನೆಕ್ಕುತ್ತಿದ್ದಳು, ಕಣ್ಣು ಮುಚ್ಚುತ್ತಿದ್ದಳು. "ಹುಳಿ ಸಾಲ್ದು" ಎಂದರೆ ಹುಣಸೆಹಣ್ಣು ಬೀಳುತ್ತಿತ್ತು. "ಇಳ್ಸಿ" ಎಂದರೆ ಹಂಡೆ ಇಳಿಯುತ್ತಿತ್ತು. ಅವಳ ಅಮ್ಮ ಕೂತದ್ದೂ ಅದೇ ಮಣೆಯ ಮೇಲೆ. ಆ ಮಣೆಯ ಮೇಲೆ ಕೂತು, ಆರು ರುಚಿಯನ್ನೂ ನಾಲಿಗೆಯ ಮೇಲೆ ಹೊತ್ತು, ಊರಿಗೆಲ್ಲ ಉಣ್ಣಿಸಿ ಕೊನೆಗೆ ತಾನು ಉಣ್ಣುವುದೇ ಅವಳ ಬಾಳಾಗಿತ್ತು. ಅದು ಅವಳಿಗೆ ಬಹಳ ಇಷ್ಟವಾಗಿಯೂ ಇತ್ತು.

ಒಂದು ದಿನ ಬೇರೆ ಊರಿನಿಂದ ಅತಿಥಿಗಳು ಬಂದರು. ದೊಡ್ಡೊಲೆಯ ಒಡೆಯನಿಗೆ ಎಲ್ಲಿಲ್ಲದ ಹುರುಪು. ಸಾರಿಗೆ ತಾನೇ ಕೈಯಾರೆ ಉಪ್ಪು ಹಾಕಿದ. ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದ. ಅತಿಥಿಗಳು ಎಲೆಯ ಮುಂದೆ ಕೂತಾಗ ಎದೆಯುಬ್ಬಿಸಿ, "ಹೇಗಿದೆ ನಮ್ಮ ಕೈಗುಣ?" ಎಂದು ರುಚಿಗಾರ್ತಿಯನ್ನು ಎಲ್ಲರೆದುರು ಕೇಳಿದ.

"ಉಪ್ಪು ಜಾಸ್ತಿಯಾಗಿದೆ ಒಡೆಯಾ" ಅಂದುಬಿಟ್ಟಳು.

ಕೇಳಿದ್ದಕ್ಕೆ ಹೇಳುವುದು ಅವಳ ಕೆಲಸ. ಅವನು ಕೇಳಿದ್ದು ಅದಕ್ಕಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಮಣೆ ಮಗುಚಿ ಬಿದ್ದಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಒಡೆಯ ಬಿಡಲಿಲ್ಲ. "ಅವಳ ನಾಲಿಗೆ ಕೆಟ್ಟಿದೆ" ಎಂದು ಊರಿಗೆಲ್ಲ ಹೇಳಿಸಿದ. ಮಣೆ ಹೋದ ದುಃಖ ಒಂದು ಕಡೆ, ಆ ಮಾತಿನ ಉರಿ ಒಂದು ಕಡೆ. ನನ್ನ ಮಣೆ ನನಗೆ ಬೇಕು, ನನ್ನ ನಾಲಿಗೆ ಕೆಟ್ಟಿಲ್ಲ ಎಂದು ಊರೆದುರು ಹೇಳಿಸಬೇಕು ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಬಾಯಿಗಾರರ ಬೀದಿಗೆ ನಡೆದಳು.

ಬಾಯಿಗಾರರಿಗೆ ಕೊಡುವುದು ಏನನ್ನು ಎಂದು ಕೇಳುತ್ತೀರಿ. ಎಲ್ಲರೂ ಒಂದೇ ಒಲೆಯಲ್ಲಿ ಉಣ್ಣುವ ಊರಿನಲ್ಲಿ ಒಬ್ಬರಿಂದ ಇನ್ನೊಬ್ಬರು ಏನು ತಾನೇ ತೆಗೆದುಕೊಳ್ಳಲು ಸಾಧ್ಯ? ರುಚಿಯನ್ನು ತೆಗೆದುಕೊಳ್ಳುತ್ತಿದ್ದರು. ಬಾಯಿಗಾರ ಬೆಳ್ಳಿಯ ಚಮಚವೊಂದನ್ನು ನಿಮ್ಮ ನಾಲಿಗೆಗೆ ಮುಟ್ಟಿಸಿ ತನ್ನ ನಾಲಿಗೆಗೆ ಮುಟ್ಟಿಸಿಕೊಂಡರೆ ಮುಗಿಯಿತು. ನೋವಿಲ್ಲ, ರಕ್ತವಿಲ್ಲ. ಒಂದು ರುಚಿ ನಿಮ್ಮಿಂದ ಅವನಿಗೆ ಹೋಗಿರುತ್ತದೆ.

ಬೀದಿಯ ಮೊದಲ ಮನೆಯವನು ಎಲ್ಲವನ್ನೂ ಮುಂಗಡವಾಗಿ ಕೇಳುವವನು. ಆರೂ ರುಚಿಯನ್ನು ಹೊಸ್ತಿಲಲ್ಲೇ ಇಳಿಸಿ ಒಳಗೆ ಬರಬೇಕು. ಅವಳು ಹೊಸ್ತಿಲು ನೋಡಿಯೇ ಹಿಂದೆ ಸರಿದಳು. ಎರಡನೆಯ ಮನೆಯವನು ಭಾರೀ ಉದಾರಿ. "ಸೋತ್ರೆ ಏನೂ ಬೇಡ. ಗೆದ್ರೆ ಗೆದ್ದದ್ರಲ್ಲಿ ಅರ್ಧ ನಂದು" ಎಂದ. ಅವನ ಜಗಲಿಯ ಮೇಲೆ ಗೆದ್ದವರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರಿಗೂ ಅರ್ಧರ್ಧ ಮಣೆ, ಗರಗಸದಲ್ಲಿ ಸಮನಾಗಿ ಕೊಯ್ದದ್ದು. ಅದರ ಮೇಲೆ ಒಂದು ಕುಂಡೆ ಊರಿ, ಇನ್ನೊಂದನ್ನು ಗಾಳಿಯಲ್ಲಿ ಬಿಟ್ಟು, ಹಲ್ಲು ಕಚ್ಚಿ ನಗುತ್ತಿದ್ದರು. ಅವಳು ಅವರಿಗೆ ಕೈಮುಗಿದು ಮುಂದೆ ಹೋದಳು.

ಮೂರನೆಯ ಮನೆಯ ಬಾಯಿಗಾರ ತೆಳ್ಳಗಿನವನು, ಮಾತು ಮೆತ್ತಗಿನದು.

"ಬನ್ನಿ ತಾಯಿ, ಕೂತ್ಕೊಳ್ಳಿ. ಕೇಳೋದಕ್ಕೆ ನಾನೇನೂ ತಗೊಳ್ಳಲ್ಲ."

ಅವಳು ಎಲ್ಲವನ್ನೂ ಹೇಳಿದಳು. ಅವನು ಎಲ್ಲವನ್ನೂ ಕೇಳಿದ. ಉಪ್ಪಿನ ಮಾತು ಬಂದಾಗ ಮಾತ್ರ ಒಮ್ಮೆ ತುಟಿ ಸವರಿಕೊಂಡ.

"ಅನ್ಯಾಯ ಆಗಿದೆ ತಾಯಿ. ಹೇಳಿದ್ರೆ ಗೆಲ್ಲೋ ಮಾತು ಇದು. ನನ್ನ ಲೆಕ್ಕ ಸುಲಭ. ಕಟ್ಟೆ ಮುಂದೆ ಕೂತ ಸಲಕ್ಕೆ ಒಂದು ರುಚಿ. ಒಗರಿನಿಂದ ಶುರು ಮಾಡೋಣ. ಒಗರು ಯಾರಿಗೆ ಬೇಕು ಹೇಳಿ?"

ಹೌದಲ್ಲ, ಒಗರು ಯಾರಿಗೆ ಬೇಕು ಎಂದು ಅವಳಿಗೂ ಅನ್ನಿಸಿತು. ಒಪ್ಪಿಕೊಂಡು ಹಗುರಾಗಿ ಮನೆಗೆ ಬಂದಳು.

ಸಂಜೆ ಗೆಳತಿ ಬಂದಳು. ಅವಳು ದೊಡ್ಡೊಲೆಯಲ್ಲಿ ರುಬ್ಬುವವಳು, ರುಬ್ಬುಗುಂಡಿನಷ್ಟೇ ಗಟ್ಟಿ ಹೆಂಗಸು.

"ಎಷ್ಟು ಸಲ ಕೂರ್ಬೇಕಂತೆ?" ಎಂದು ಕೇಳಿದಳು.

"ಕೇಳ್ಲಿಲ್ಲ."

"ಯಾಕೇ?"

"ಅಷ್ಟು ಚೆನ್ನಾಗಿ ಕೂರಿಸಿ ಮಾತಾಡಿಸಿದ್ರು. ಕೇಳಿದ್ರೆ ಏನಂದ್ಕೊಂಡಾರು ಅಂತ ನಾಚಿಕೆ ಆಯ್ತು ಕಣೇ."

"ಎಳೆ ಬೆಂಡೆಕಾಯಿ ತಗೊಳ್ಳೋವಾಗ ಒಂದೊಂದರ ತುದಿ ಮುರಿದು ನೋಡ್ತೀಯ. ಬಾಯಿ ತಗೊಳ್ಳೋವಾಗ ನಾಚಿಕೆ ಬಂತಾ ನಿಂಗೆ?"

ಇಂಥ ಪ್ರಶ್ನೆಗಳು ಯಾವಾಗಲೂ ಒಂದು ಹೊತ್ತು ತಡವಾಗಿ ಬರುತ್ತವೆ.

ಮೊದಲ ಸಲ ಕೂತರು. ಕಟ್ಟೆಯ ಮೇಲೆ ತೀರ್ಪಿನಮ್ಮ, ಎಡಕ್ಕೆ ಒಡೆಯ ಮತ್ತು ಅವನ ಬಾಯಿಗಾರ, ಬಲಕ್ಕೆ ರುಚಿಗಾರ್ತಿ ಮತ್ತು ಅವಳ ಬಾಯಿಗಾರ. ಒಡೆಯನ ಬಾಯಿಗಾರ ದಪ್ಪಗಿದ್ದ. ಊರಿನ ಅರ್ಧ ರುಚಿ ಅವನ ಕೆನ್ನೆಯಲ್ಲೇ ತುಂಬಿಕೊಂಡಂತಿತ್ತು. ಅವನು ಎದ್ದು ನಿಂತು ಕೈಮುಗಿದ.

"ತೀರ್ಪಿನಮ್ಮಾ, ಗಾಳಿ ಪಡುವಣದಿಂದ ಬೀಸ್ತಾ ಇದೆ. ನಮ್ಮ ಮಾತು ಹಾರಿಹೋಗತ್ತೆ. ಇನ್ನೊಂದು ದಿನ ಕೂರೋಣ."

ತೀರ್ಪಿನಮ್ಮ ಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಮೇಲೆತ್ತಿದಳು. "ಬೀಸ್ತಾ ಇದೆ. ಇನ್ನೊಂದು ದಿನ" ಎಂದು ಎದ್ದುಬಿಟ್ಟಳು. ರುಚಿಗಾರ್ತಿ ಇನ್ನೂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ತಿರುಗಿ ನೋಡಿದರೆ ಅವಳ ಬಾಯಿಗಾರ ಚಮಚ ಹಿಡಿದು ನಿಂತಿದ್ದ.

"ಏನೂ ನಡೀಲಿಲ್ವಲ್ಲ ಸ್ವಾಮಿ?"

"ನಡೀದಿದ್ರೇನು ತಾಯಿ, ಕೂತೆವಲ್ಲ."

ಒಗರು ಹೋಯಿತು.

ಎರಡನೆಯ ಸಲ ಗಾಳಿ ಇರಲಿಲ್ಲ. ಒಡೆಯನ ಬಾಯಿಗಾರ ಮಗುಚಿದ ಮಣೆಯನ್ನೇ ಕಟ್ಟೆಗೆ ತರಿಸಿ ಎಲ್ಲರಿಗೂ ತೋರಿಸಿದ. "ಇದನ್ನು ಮಗುಚಿದ್ದು ಅಂತಾರೆ. ಯಾರು ಮಗುಚಿದ್ರು? ಮಣೆ ಇದ್ದಲ್ಲೇ ಇದೆ. ಅದರ ಕೆಳಭಾಗ ಮೇಲೆ ಬಂದಿದೆ, ಅಷ್ಟೇ. ಈಯಮ್ಮ ಇದರ ಮೇಲೂ ಕೂರ್ಬಹುದಾಗಿತ್ತು. ಕೂರದೇ ಹೋದದ್ದು ಅವರಿಷ್ಟ" ಎಂದು ವಾದಿಸಿದ. ಅವಳ ಬಾಯಿಗಾರ ಎದ್ದು ನಿಂತ. ಇಲ್ಲಿ ಒಂದು ನಿಜ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅವನು ಬಹಳ ಚೆನ್ನಾಗಿ ಮಾತಾಡಿದ. ಒಬ್ಬಳ ಅಮ್ಮ ಕೂತ ಮಣೆಯನ್ನು, ಅವಳು ಬರುವ ಮುಂಚೆ, ಅವಳಿಗೆ ಹೇಳದೆ ತಿರುಗಿಸಿದರೆ ಅದು ಬರೀ ಮರ ತಿರುಗಿಸಿದಂತಲ್ಲ ಎಂದ. ಅಷ್ಟು ದಿನ ತನ್ನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಏನೆಂದು ರುಚಿಗಾರ್ತಿಗೆ ಆಗಲೇ ಗೊತ್ತಾದದ್ದು. ಚಮಚ ಬಂದಾಗ ಅವಳು ತಾನಾಗಿಯೇ ನಾಲಿಗೆ ಚಾಚಿ ಕಹಿಯನ್ನು ಸಂತೋಷದಿಂದ ಕೊಟ್ಟಳು. ಮನೆಗೆ ಬಂದು ಹಸಿ ಹಾಗಲಕಾಯಿಯನ್ನು ಸೌತೆಕಾಯಿಯಂತೆ ಕಚ್ಚಿ ತಿಂದಳು. ರುಬ್ಬುವವಳಿಗೆ ನಗು ತಡೆಯಲಾಗಲಿಲ್ಲ, ಅವಳಿಗೂ ತಡೆಯಲಾಗಲಿಲ್ಲ. ಆದರೆ ನಗು ನಿಂತ ಮೇಲೆ ರುಚಿಗಾರ್ತಿ, "ಒಗ್ಗರಣೆ ಸೀದ್ರೆ ಇನ್ನು ನಂಗೆ ಹೇಗೇ ಗೊತ್ತಾಗತ್ತೆ?" ಎಂದು ಕೇಳಿದಳು.

ಮೂರನೆಯ ಸಲ ಒಡೆಯನ ಬಾಯಿಗಾರನಿಗೆ ಬಿಕ್ಕಳಿಕೆ. ಬಾಯಿ ತೆರೆದಾಗಲೆಲ್ಲ ಬಿಕ್ಕಿದ. ತೀರ್ಪಿನಮ್ಮ ನೀರು ಕೊಡಿಸಿ, ಬೆನ್ನು ತಟ್ಟಿಸಿ, ಕೊನೆಗೆ ಎದ್ದುಹೋದಳು. ರುಚಿಗಾರ್ತಿಯ ಖಾರ ಹೋಯಿತು.

ಆಮೇಲೆ ಒಡೆಯನ ಕಡೆಯಿಂದ ಒಂದು ಮಾತು ಬಂತು. ಪಾತ್ರೆ ತೊಳೆಯುವ ಕಡೆ ಒಂದು ಮಣೆ ಕೊಡುತ್ತಾರಂತೆ. ನಾಲಿಗೆ ಕೆಟ್ಟಿದೆ ಎಂದು ಒಮ್ಮೆ ಒಪ್ಪಿಕೊಂಡರೆ ಸಾಕಂತೆ. ರುಚಿಗಾರ್ತಿ ಓಡಿಹೋಗಿ ತನ್ನ ಬಾಯಿಗಾರನನ್ನು ಕೇಳಿದಳು.

"ಒಪ್ಪಿದ್ರೆ ಉಳಿದ ರುಚಿ ನಿಮ್ಮಲ್ಲೇ ಉಳೀತಾವೆ. ಒಪ್ಪದಿದ್ರೆ ಗೆಲ್ತೀವಿ ಅಂತ ಅನ್ಸತ್ತೆ. ಎರಡೂ ಬೇಕು ಅಂದ್ರೆ ಅದು ನನ್ನ ಹತ್ರ ಇಲ್ಲ ತಾಯಿ" ಎಂದ.

ಅವಳು ಬಹಳ ಹೊತ್ತು ಯೋಚಿಸಿದಳು. ತೊಳೆಯುವ ಕಡೆ ನೆರಳಿದೆ, ತಂಪಿದೆ. ಅಲ್ಲಿ ಕೂತವರನ್ನು ಯಾರೂ ಏನೂ ಕೇಳುವುದಿಲ್ಲ. ಆದರೆ ಕೆಟ್ಟಿದೆ ಎಂದು ಹೇಗೆ ಹೇಳುವುದು? ಕೆಟ್ಟಿಲ್ಲವಲ್ಲ! "ಬೇಡ ಅಂತ ಹೇಳಿ" ಎಂದು ಎದ್ದಳು. ಚಮಚ ಅಡ್ಡ ಬಂತು.

"ಇದಕ್ಕೂನಾ? ಇದು ಕಟ್ಟೆಯಲ್ವಲ್ಲ!"

"ಕೂತೇ ಮಾತಾಡಿದ್ವಿ ತಾಯಿ. ನಿಂತಿದ್ದಿದ್ರೆ ಬೇರೆ ಮಾತು."

ಹುಳಿ ಹೋಯಿತು. ಅಂದಿನಿಂದ ಅವಳು ಯಾರ ಮನೆಯಲ್ಲೂ ಕೂರುವ ಮುಂಚೆ ಸುತ್ತ ನೋಡುವುದನ್ನು ಕಲಿತಳು.

ನಾಲಿಗೆಯ ಮೇಲೆ ಉಳಿದದ್ದು ಉಪ್ಪು ಮತ್ತು ಸಿಹಿ. ಊರಿನವರೆಲ್ಲ ಕಟ್ಟೆಯ ಸುತ್ತ ಸೇರಿದ್ದ ದಿನ ತೀರ್ಪಿನಮ್ಮನಿಗೂ ಬೇಸರ ಬಂದಿರಬೇಕು. ಬಾಯಿಗಾರರಿಬ್ಬರನ್ನೂ ಕೈಸನ್ನೆಯಲ್ಲೇ ಕೂರಿಸಿದಳು. ದೊಡ್ಡೊಲೆಯ ಬಳಿ ಹೋಗಿ, ಒಂದು ಪಾತ್ರೆ ಸಾರಿಗೆ ಯಾರಿಗೂ ಕಾಣದಂತೆ ತಾನೇ ಉಪ್ಪು ಹಾಕಿ, ತಂದಿಟ್ಟಳು.

"ಇದು ನೋವಲ್ಲ, ರುಚಿ. ಇದನ್ನ ತಾವೇ ಹೇಳ್ಬಹುದು. ನೀನು ಹೇಳಮ್ಮ."

ರುಚಿಗಾರ್ತಿ ಅಂಗೈಗೆ ಒಂದು ಹನಿ ಬಿಟ್ಟುಕೊಂಡಳು. ಹುಳಿ ಇದೆಯೋ ಇಲ್ಲವೋ, ಖಾರ ಇದೆಯೋ ಇಲ್ಲವೋ, ಒಂದೂ ತಿಳಿಯಲಿಲ್ಲ. ಬರೀ ಬಿಸಿನೀರು ಕುಡಿದಂತಾಯಿತು. ಆಮೇಲೆ ನಾಲಿಗೆಯ ಅಂಚಿನಲ್ಲಿ ಅದು ಬಂತು.

"ಉಪ್ಪು ಜಾಸ್ತಿಯಾಗಿದೆ ತಾಯಿ."

ಒಡೆಯನ ಸರದಿ. ಅವನೂ ಕುಡಿದ, ಇನ್ನೊಮ್ಮೆ ಕುಡಿದ. "ಸರಿಯಾಗೇ ಇದೆ" ಎಂದ. ಅವನು ಸುಳ್ಳು ಹೇಳಲಿಲ್ಲ, ಪಾಪ. ಅವನಿಗೂ ಬಾಯಿಗಾರ ಇದ್ದನಲ್ಲ, ಆ ಬಾಯಿಗಾರನ ಹತ್ತಿರವೂ ಒಂದು ಚಮಚ ಇತ್ತಲ್ಲ. ಈ ಹಾಳು ಉಪ್ಪಿನಿಂದಲೇ ಇಷ್ಟೆಲ್ಲ ಆದದ್ದು ಎಂಬ ಸಿಟ್ಟಿಗೆ ಒಡೆಯ ಮೊದಲ ಸಲಕ್ಕೇ ಉಪ್ಪನ್ನು ಕೊಟ್ಟುಬಿಟ್ಟಿದ್ದ.

ತೀರ್ಪಿನಮ್ಮ ತಾನೇ ಒಂದು ಸೌಟು ಬಾಯಿಗೆ ಹಾಕಿಕೊಂಡಳು. ಕಟ್ಟೆಯ ಕೆಳಗೆ ಉಗುಳಿದಳು.

"ಮೊದಲ್ನೇ ದಿನವೇ ಇದನ್ನ ಮಾಡಿದ್ರೆ ಏನಾಗ್ತಿತ್ತು?" ಎಂದು ರುಬ್ಬುವವಳು ಗುಂಪಿನೊಳಗಿಂದ ಕೂಗಿದಳು. ಯಾರೂ ಅವಳನ್ನು ಮಾತಾಡು ಎಂದು ಕರೆದಿರಲಿಲ್ಲವಾದ್ದರಿಂದ ಯಾರಿಗೂ ಅದು ಕೇಳಿಸಲಿಲ್ಲ.

ತೀರ್ಪು ಬಂತು. ನಾಲಿಗೆ ಕೆಟ್ಟಿಲ್ಲ. ಮಣೆ ನೆಟ್ಟಗಾಗಲಿ. ಈ ಮಣೆಯನ್ನು ಇನ್ನು ಯಾರೂ ಮಗುಚುವಂತಿಲ್ಲ. ಊರು ಕೇಕೆ ಹಾಕಿತು. ಕೇಕೆ ನಿಂತ ಮೇಲೆ ತೀರ್ಪಿನಮ್ಮ ಕೊನೆಯ ಸಾಲನ್ನೂ ಹೇಳಿದಳು: "ಬಾಯಿಯ ಖರ್ಚು ಅವರವರದ್ದು."

"ಗೆದ್ದವರದ್ದೂನಾ?" ಎಂದು ರುಚಿಗಾರ್ತಿ ಪಕ್ಕದಲ್ಲಿದ್ದವರನ್ನು ಕೇಳಿದಳು.

"ಗೆದ್ದವರದ್ದೂ" ಎಂದರು ಅವರು. ಅವರ ಬಾಯಲ್ಲಿ ಒಂದೂ ರುಚಿ ಉಳಿದಿರಲಿಲ್ಲ, ಕಾಲಿನ ಹತ್ತಿರ ಗೆದ್ದ ಮಣೆ ಇತ್ತು.

ಗೆದ್ದ ಸಲಕ್ಕೂ ಒಂದು ರುಚಿ ಕೊಡಬೇಕಿತ್ತು. "ಉಪ್ಪೋ ಸಿಹಿಯೋ, ನೀವೇ ಹೇಳಿ ತಾಯಿ" ಎಂದು ಬಾಯಿಗಾರ ಆಯ್ಕೆ ಕೊಟ್ಟ. ಯಾವ ಉಪ್ಪಿಗಾಗಿ ಇಷ್ಟು ಹೋರಾಡಿದಳೋ ಅದನ್ನು ಹೇಗೆ ಕೊಡುವುದು? ಒಂದು ದಿನ ಬಿಡುವು ಕೇಳಿ ಮನೆಗೆ ಬಂದಳು. ರುಬ್ಬುವವಳು ಒಂದು ಅಚ್ಚು ಬೆಲ್ಲ ಒಡೆದು ದೊಡ್ಡ ಚೂರನ್ನು ಅವಳ ಕೈಗಿಟ್ಟಳು. ಅದನ್ನು ಬಾಯಿಗೆ ಹಾಕಿಕೊಂಡೇ ರುಚಿಗಾರ್ತಿ ಬಾಯಿಗಾರರ ಬೀದಿಗೆ ಹೋದಳು. ಕಚ್ಚಲಿಲ್ಲ. ದಾರಿಯುದ್ದಕ್ಕೂ ನಿಧಾನವಾಗಿ ಕರಗಲು ಬಿಟ್ಟಳು. ಅಮ್ಮ ಮಣೆಯ ಮೇಲೆ ಕೂತು, ಪಾಯಸದ ಸೌಟಿನ ಬೆನ್ನನ್ನು ತನಗೆ ನೆಕ್ಕಲು ಕೊಡುತ್ತಿದ್ದದ್ದು ನೆನಪಾಯಿತು. ಬಾಯಿಗಾರನ ಮನೆ ಬಂದರೂ ಬೆಲ್ಲ ಇನ್ನೂ ಸ್ವಲ್ಪ ಉಳಿದಿತ್ತು. ಅವನು ಚಮಚ ಹಿಡಿದು ನಿಂತಿದ್ದ. ಅವಳ ಕೆನ್ನೆ ಉಬ್ಬಿರುವುದು ಕಂಡಿತು. ಅದು ಪೂರ್ತಿ ಕರಗುವ ತನಕ ಕಾದ. ಅಷ್ಟು ಮಟ್ಟಿಗೆ ಒಳ್ಳೆಯ ಮನುಷ್ಯನೇ.

ಸಿಹಿ ಹೋಯಿತು. ಅವಳು ಬಾಯಲ್ಲಿ ಬರೀ ಜೊಲ್ಲು ಇಟ್ಟುಕೊಂಡು ಅಳುತ್ತಾ ಮನೆಗೆ ಬಂದಳು.

ಮರುದಿನ ನೆಟ್ಟಗಿದ್ದ ಮಣೆಯ ಮೇಲೆ ಕೂತಳು. ಹಂಡೆ ಕುದಿಯಿತು. ಎಲ್ಲರೂ ಅವಳ ಮುಖ ನೋಡಿದರು. ಹನಿ ನೆಕ್ಕಿ, ಕಣ್ಣು ಮುಚ್ಚಿ, "ಉಪ್ಪು ಸರಿಯಿದೆ, ಇಳ್ಸಿ" ಎಂದಳು. ಹುಣಸೆಹಣ್ಣನ್ನು ಯಾರೂ ಹಾಕಿಯೇ ಇರಲಿಲ್ಲ. ಮಾರನೆಯ ದಿನ ಇಬ್ಬರು ಹಾಕಿದರು. ಪಾಯಸಕ್ಕೆ ಬೆಲ್ಲ ಮರೆತರು. ಪಲ್ಯದ ಒಗ್ಗರಣೆ ಸೀದು ಕರಕಲಾಯಿತು. ಮೆಣಸಿನಕಾಯಿಯ ಮಾತು ಕೇಳಲೇಬೇಡಿ. ಎಲ್ಲದಕ್ಕೂ ಅವಳು "ಉಪ್ಪು ಸರಿಯಿದೆ, ಇಳ್ಸಿ" ಎನ್ನುತ್ತಿದ್ದಳು. ಒಡೆಯ ಬಂದು ನೋಡಿ, ತನಗೂ ಏನೂ ತಿಳಿಯದೆ, ತಿಳಿಯದ್ದನ್ನು ಹೇಳಿಕೊಳ್ಳಲೂ ಆಗದೆ, "ಭೇಷ್" ಎಂದು ಹೋಗುತ್ತಿದ್ದ.

"ನಂಗೆ ಎಲ್ಲ ರುಚಿನೂ ಗೊತ್ತಾಗತ್ತೆ. ನಾನು ಕಣ್ಣಲ್ಲೇ ಸನ್ನೆ ಮಾಡ್ತೀನಿ, ನೀನು ಹೇಳು" ಎಂದು ರುಬ್ಬುವವಳು ಪಿಸುಗುಟ್ಟಿದಳು. ಅವಳು ಬಾಯಿಗಾರರ ಬೀದಿಯ ಕಡೆ ಯಾವತ್ತೂ ತಲೆ ಹಾಕಿದವಳಲ್ಲ, ನಾಲಿಗೆ ಹಾಗೇ ಇತ್ತು.

"ಬೇಡ. ತೀರ್ಪಿನಲ್ಲಿ ನನ್ನ ನಾಲಿಗೆ ಅಂತಿದೆ, ನಿನ್ನ ಕಣ್ಣು ಅಂತಿಲ್ಲ" ಎಂದಳು ರುಚಿಗಾರ್ತಿ. ಬಹಳ ದಿನದ ಮೇಲೆ ಅವಳ ತುಟಿಯಲ್ಲಿ ಒಂದು ತುಂಟತನ ಕಾಣಿಸಿಕೊಂಡಿತು.

ಊರು ತಕರಾರು ಮಾಡಲಿಲ್ಲ. ರುಬ್ಬುವವಳದೊಂದನ್ನು ಬಿಟ್ಟು ಒಂದಲ್ಲ ಒಂದು ಕಾಲಕ್ಕೆ ಎಲ್ಲರ ಮಣೆಯೂ ಮಗುಚಿತ್ತು, ಎಲ್ಲರೂ ಆ ಬೀದಿಗೆ ಹೋಗಿ ಬಂದವರೇ. ಬಿಸಿಯಿದ್ದರೆ ಸಾಕು ಎಂದು ಉಂಡು ಏಳುತ್ತಿದ್ದರು. ತೀರ್ಪಿನಮ್ಮ ಊಟಕ್ಕೆ ಮೊಸರನ್ನ ಬಿಟ್ಟು ಬೇರೇನನ್ನೂ ಮುಟ್ಟುವವಳಲ್ಲ, ಮೊಸರನ್ನಕ್ಕೆ ಬೇಕಾದದ್ದು ಉಪ್ಪು, ಅದು ಸರಿಯಾಗಿಯೇ ಇರುತ್ತಿತ್ತು. ರುಬ್ಬುವವಳು ಒರಳಿನಲ್ಲಿ ಉಳಿದ ಚಟ್ನಿ ಬಳಿದುಕೊಂಡು ಸುಖವಾಗಿದ್ದಳು.

ಕಂಗಾಲಾದವರು ಬಾಯಿಗಾರರು. ಒಬ್ಬೊಬ್ಬರ ನಾಲಿಗೆಯ ಮೇಲೂ ನೂರು ಜನರ ರುಚಿ! ಬೇರೆಯವರು ಒಂದು ಪಾಲು ಉಂಡರೆ ಅವರಿಗೆ ನೂರು ಪಾಲು ತಾಗುತ್ತಿತ್ತು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು, ಎರಡನೆಯದಕ್ಕೆ ಬೆವರು. ಒಡೆಯನ ದಪ್ಪ ಬಾಯಿಗಾರ ಪಲ್ಯ ತಿಂದು ಎಲೆಯ ಮೇಲೇ ಬಿದ್ದ. ಕೆನ್ನೆಗಳೆಲ್ಲ ಒಳಗೆ ಹೋದವು. ಬೇರೆ ಒಲೆಯಿಲ್ಲ, ಬೇರೆ ಊಟವಿಲ್ಲ. ಕಟ್ಟೆಗೆ ಹೋಗೋಣವೆಂದರೆ ಕಟ್ಟಳೆ ಅಡ್ಡ ಬಂತು. ನೋಯದ ಬಾಯಿಯೇ ಮಾತಾಡಬೇಕು, ಬಾಯಿಗಾರರ ಬೀದಿಯಲ್ಲಿ ನೋಯದ ಬಾಯಿ ಒಂದೂ ಇಲ್ಲ. ಒಬ್ಬನ ಪರವಾಗಿ ಇನ್ನೊಬ್ಬ ಎದ್ದು ನಿಂತರೆ ಅವನೂ ಹೊಟ್ಟೆ ಹಿಡಿದುಕೊಂಡೇ ನಿಲ್ಲುತ್ತಿದ್ದ.

ಊರಿನವರನ್ನು ಕೇಳಿದರು. ದೊಡ್ಡೊಲೆಯ ಒಡೆಯನ ಮೇಲೆ ದೂರು ಹೇಳಿದರೆ ನಮ್ಮ ಮಣೆ ಮಗುಚುತ್ತದೆ ಎಂದು ಅರ್ಧ ಮಣೆಯವರೂ ಹಿಂದೆ ಸರಿದರು. ಮಗುಚಲು ಬಾರದ ಪೂರ್ತಿ ಮಣೆ, ಈ ಊಟ ತಾಗದ ನಾಲಿಗೆ, ಒಳಗಿನ ವಿಷಯವೆಲ್ಲ ಗೊತ್ತಿರುವ ತಲೆ, ಮೂರೂ ಒಟ್ಟಿಗೆ ಇದ್ದದ್ದು ಒಬ್ಬಳಲ್ಲಿ.

ಒಂದು ಮಧ್ಯಾಹ್ನ ತೆಳ್ಳಗಿನ ಬಾಯಿಗಾರ ಇನ್ನೂ ತೆಳ್ಳಗಾಗಿ ಅವಳ ಬಾಗಿಲಿಗೆ ಬಂದ. ಹಿಂದೆ ಇಡೀ ಬೀದಿಯೇ ಇತ್ತು.

"ತಾಯಿ, ನಮ್ಮ ಪರವಾಗಿ ನೀವು ಮಾತಾಡ್ಬೇಕು."

"ಬನ್ನಿ ಸ್ವಾಮಿ, ಕೂತ್ಕೊಳ್ಳಿ. ಕೇಳೋದಕ್ಕೆ ನಾನೇನೂ ತಗೊಳ್ಳಲ್ಲ" ಎಂದಳು. ಒಳಗಿದ್ದ ರುಬ್ಬುವವಳು ಬಾಯಿಗೆ ಸೆರಗು ತುರುಕಿಕೊಂಡಳು.

ಬಾಯಿಗಾರ ಕೂರಲಿಲ್ಲ. ಅವನಿಗೆ ಗೊತ್ತಿಲ್ಲದ್ದೇ ಅದು? ನಿಂತೇ ಎಲ್ಲವನ್ನೂ ಹೇಳಿದ. ಅವಳೂ ಎಲ್ಲವನ್ನೂ ಕೇಳಿದಳು. ಸೀದ ಒಗ್ಗರಣೆಯ ಮಾತು ಬಂದಾಗ ಮಾತ್ರ ಒಮ್ಮೆ ತುಟಿ ಸವರಿಕೊಂಡಳು.

"ಅನ್ಯಾಯ ಆಗಿದೆ ಸ್ವಾಮಿ. ಹೇಳಿದ್ರೆ ಗೆಲ್ಲೋ ಮಾತು ಇದು. ನನ್ನ ಲೆಕ್ಕ ಸುಲಭ. ಕೂತ ಸಲಕ್ಕೆ ಒಂದು ರುಚಿ. ಸಿಹಿಯಿಂದ ಶುರು ಮಾಡೋಣ."

"ಎಷ್ಟು ಸಲ?" ಎಂದು ಅವನು ತಟ್ಟನೆ ಕೇಳಿದ.

ಅವಳು ಜೋರಾಗಿ ನಕ್ಕಳು. ಆ ಒಂದು ಪ್ರಶ್ನೆ ಬಾಯಿಂದ ಹೊರಡುವುದು ಇಷ್ಟು ಸುಲಭವೇ! ನಾಚಿಕೆಯಿಲ್ಲ, ಸಂಕೋಚವಿಲ್ಲ, ಕೆಮ್ಮೂ ಇಲ್ಲ. ತಾನು ಅಂದು ಕೇಳದೆ ನುಂಗಿಕೊಂಡದ್ದಕ್ಕೆ ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

"ಅದನ್ನ ಈಗಲೇ ಹೇಗೆ ಹೇಳೋದು ಸ್ವಾಮಿ?" ಎಂದಳು.

ಅವನು ತಲೆ ತಗ್ಗಿಸಿದ. ಆ ಉತ್ತರ ಅವನಿಗೆ ಚೆನ್ನಾಗಿ ಪರಿಚಯದ್ದು.

ಮರುದಿನ ಕಟ್ಟೆಯ ಸುತ್ತ ಊರೆಲ್ಲ ಸೇರಿತು. ಬಾಯಿಗಾರರು ಬಾಯಿಮುಚ್ಚಿ ಸಾಲಾಗಿ ಕೂತರು. ತೆಳ್ಳಗಿನವನ ಒಂದು ಕೆನ್ನೆ ಉಬ್ಬಿತ್ತು, ಒಳಗೆ ಬೆಲ್ಲ ಕರಗುತ್ತಿತ್ತು. ಅದನ್ನು ಕೊಟ್ಟವಳು ರುಚಿಗಾರ್ತಿಯೇ. ತನಗಾಗಿ ಕಾದವನಿಗೆ ತಾನೂ ಕಾಯಬೇಕಲ್ಲ! ಪಕ್ಕದಲ್ಲಿ ರುಬ್ಬುವವಳು ಚಮಚ ಹಿಡಿದು ನಿಂತಿದ್ದಳು, ಬೆಳ್ಳಿಯದಲ್ಲ, ಚಟ್ನಿ ಬಳಿಯುವ ಮರದ್ದು. ಕಟ್ಟೆಯ ಅರಳಿಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ರುಚಿಗಾರ್ತಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಮೇಲೆತ್ತಿದಳು.

"ತೀರ್ಪಿನಮ್ಮಾ, ಗಾಳಿ ಪಡುವಣದಿಂದ ಬೀಸ್ತಾ ಇದೆ."